ಪೂರ್ಣ ಹೊಂದಾಣಿಕೆ

"ಮೈ ಕಾಯುವ ಟಿ ಕೋಶಕ್ಕೆ ತಾನಾಗಿ ಏನೂ ಕಾಣುವುದಿಲ್ಲ. ಯಾರಾದರೂ ತಂದು ತೋರಿಸಬೇಕು," ಎಂದು ಹೇಳಿ ಅವನು ಬೋರ್ಡಿನ ಕಡೆ ತಿರುಗಿದಾಗ ಜೇಬಿನಲ್ಲಿದ್ದ ಫೋನು ನಡುಗಿತು. ತೆಗೆದು ನೋಡುವ ಅಗತ್ಯವಿರಲಿಲ್ಲ. ಆಸ್ಪತ್ರೆಯ ರಿಪೋರ್ಟು ಇವತ್ತು ಬರುತ್ತದೆ, ಬಂದ ತಕ್ಷಣ ಫೋನು ಮಾಡುತ್ತೇನೆ ಎಂದು ಭಾವ ನಿನ್ನೆಯೇ ಹೇಳಿದ್ದರು. ಭಾವ ಹೇಳಿದ ಮಾತನ್ನು ತಪ್ಪದೆ ನಡೆಸುವ ಮನುಷ್ಯ; ಅದೊಂದೇ ಅವರ ದೋಷ. ಫೋನು ತೊಡೆಗೆ ಅಂಟಿಕೊಂಡು ಗುಂಯ್‌ಗುಟ್ಟುತ್ತಿರುವಂತೆಯೇ ಅವನು ಒಂದು ಡೆಂಡ್ರಿಟಿಕ್ ಕೋಶ ಬರೆದ. ಮೈತುಂಬ ಕೈಗಳು. ಚರ್ಮದಡಿ, ಮೂಗಿನೊಳಗೆ, ಕರುಳಿನ ಗೋಡೆಯಲ್ಲಿ ಅದು ಕಾದು ಕೂತಿರುತ್ತದೆ. ಹೊರಗಿನವನು ಒಳಗೆ ಬಂದರೆ ನುಂಗುತ್ತದೆ, ಚೂರು ಚೂರು ಮಾಡುತ್ತದೆ, ಒಂದು ಚೂರನ್ನು ತಟ್ಟೆಯಲ್ಲಿಟ್ಟುಕೊಂಡು ದುಗ್ಧಗ್ರಂಥಿಗೆ ಹೋಗುತ್ತದೆ, ಅಲ್ಲಿ ಓಡಾಡುವ ಟಿ ಕೋಶಗಳಿಗೆಲ್ಲ ‘ನೋಡಿ ನೋಡಿ, ಇಂಥವನು ಬಂದಿದ್ದಾನೆ’ ಎಂದು ತೋರಿಸುತ್ತದೆ. "ಒಟ್ಟಿನಲ್ಲಿ ಚಾಡಿಕೋರ," ಎಂದು ಪ್ರತಿ ವರ್ಷ ಇದೇ ಜಾಗದಲ್ಲಿ ಹೇಳಿ, ನಗುವಿಗೆಂದು ಸ್ವಲ್ಪ ಜಾಗ ಬಿಟ್ಟು, ಮುಂದೆ ಹೋಗುವುದು ಅವನ ರೂಢಿ. ಇವತ್ತೂ ಹೇಳಿದ, ಜಾಗವನ್ನೂ ಬಿಟ್ಟ. ನಗು ಬಂತೋ ಇಲ್ಲವೋ ತಿಳಿಯಲಿಲ್ಲ. ಫೋನು ನಿಂತಿತು. ಮತ್ತೆ ಶುರುವಾಯಿತು. ಕೆಟ್ಟ ಸುದ್ದಿಯಾಗಿದ್ದರೆ ಭಾವ ಒಂದು ಸಲ ಮಾಡಿ ಸುಮ್ಮನಾಗುತ್ತಿದ್ದರು. ಬಿಡದೆ ಮಾಡುತ್ತಿದ್ದಾರೆಂದರೆ ಒಳ್ಳೆಯ ಸುದ್ದಿಯೇ ಇರಬೇಕು. ಹಾಗೆಂದುಕೊಂಡದ್ದೇ ಅವನು ಬೋರ್ಡಿನ ಕೋಶಕ್ಕೆ ಬೇಕಿಲ್ಲದ ಇನ್ನೊಂದು ಕೈ ಬರೆದ.

"ಸರ್, ತೋರಿಸಿದ ಮೇಲೂ ಟಿ ಕೋಶ ಸುಮ್ಮನೆ ಇದ್ದುಬಿಟ್ರೆ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆಯೇ. ಬೇರೆ ದಿನವಾಗಿದ್ದರೆ ‘ಒಳ್ಳೆ ಪ್ರಶ್ನೆ’ ಎಂದು ಹೇಳಿ, ಅದನ್ನು ತಾನೇ ಕೇಳಿಸಿದವನಂತೆ ಬೀಗುತ್ತಿದ್ದ. "ಬರೀ ತೋರಿಸಿದರೆ ಸಾಲದು. ಜೊತೆಗೆ ಎರಡನೇ ಸಂಕೇತ ಒಂದು ಬೇಕು. ಅದಿಲ್ಲದಿದ್ದರೆ ಟಿ ಕೋಶ ಮರಗಟ್ಟಿ ಹೋಗುತ್ತದೆ. ಆಮೇಲೆ ಅದೇ ಚೂರನ್ನು ಮತ್ತೆ ತಂದು ತೋರಿಸಿದರೂ ಏಳುವುದಿಲ್ಲ." "ಪಾಪ," ಎಂದಳು ಹುಡುಗಿ. ಇಡೀ ಕ್ಲಾಸು ನಕ್ಕಿತು. ಚಾಡಿಕೋರನಿಗೆ ಉಳಿಸಿಟ್ಟಿದ್ದ ನಗುವೂ ಸೇರಿಕೊಂಡು ಬಂದಂತೆ ನಕ್ಕಿತು. "ಪಾಪ ಅನ್ನೋಕೆ ಏನಿದೆ ಇದರಲ್ಲಿ? ಇದೇನು ಸೀರಿಯಲ್ಲಾ?" ಎಂದು ಅವನು ಕಿರುಚಿದ. ತನ್ನ ದನಿ ಅಷ್ಟು ತೆಳ್ಳಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಹುಡುಗಿ ತಲೆ ತಗ್ಗಿಸಿ, ಕೇಳಿದ್ದನ್ನೆಲ್ಲ ಬರೆದುಕೊಳ್ಳುವವಳಂತೆ ನಟಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ "ಮನೇಲಿ ಜಗಳ" ಎಂದು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು.

ಅಕ್ಕನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಒಡಹುಟ್ಟಿದವರಲ್ಲಿ ಯಾರದಾದರೂ ಹೊಂದಿದರೆ ಅವರ ಅಸ್ಥಿಮಜ್ಜೆಯ ಕೋಶ ಕೊಡುವುದೇ ಉತ್ತಮ ಎಂದು ಡಾಕ್ಟರು ಹೇಳಿದಾಗ, ಎಲ್ಲರೂ ಅಕ್ಕನ ಮನೆಯ ಹಾಲಿನಲ್ಲಿ ಸೇರಿದ್ದರು. ಎಲ್ಲರೂ ಎಂದರೆ ಅಕ್ಕ, ಭಾವ, ಅವನು, ಮತ್ತು ಕೊನೆಯ ತಮ್ಮ ಪುಟ್ಟ. ಪುಟ್ಟ ಎಂಬ ಹೆಸರು ಅವನಿಗೆ ತೊಟ್ಟಿಲಲ್ಲಿ ಒಪ್ಪುತ್ತಿತ್ತು. ಈಗ ಡ್ರೈವಿಂಗ್ ಸ್ಕೂಲು ನಡೆಸುವ, ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂರಬೇಕಾದ ಗಾತ್ರದವನು. ಅವತ್ತು ಎಲ್ಲರಿಗೂ ವಿವರಿಸಿ ಹೇಳಿದವನು ಪಾಠ ಹೇಳುವ ಇವನೇ. ಹೇಳದೆ ಹೇಗಿದ್ದಾನು? ಮೈಯ ಪ್ರತಿಯೊಂದು ಕೋಶವೂ ತನ್ನೊಳಗಿನ ಚೂರುಪಾರನ್ನು ಪುಟ್ಟ ಪುಟ್ಟ ತಟ್ಟೆಗಳಲ್ಲಿಟ್ಟು ಹೊರಗೆ ಹಿಡಿದಿರುತ್ತದೆ. ಟಿ ಕೋಶಗಳು ಬಂದು ತಟ್ಟೆಯನ್ನೂ ನೋಡುತ್ತವೆ, ಮೇಲಿರುವ ಚೂರನ್ನೂ ನೋಡುತ್ತವೆ. ತಟ್ಟೆಯ ಅಚ್ಚು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಹಾಗಾಗಿ ಒಂದೇ ತಂದೆತಾಯಿಯ ಮಕ್ಕಳಲ್ಲಿ ಇಬ್ಬರ ತಟ್ಟೆಗಳು ಪೂರ್ತಿ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ನಾಲ್ಕರಲ್ಲಿ ಒಂದು ಅಷ್ಟೇ’ ಎಂದು ದನಿ ತಗ್ಗಿಸಿ ಹೇಳಿದ್ದ. ಎಷ್ಟು ಚೆನ್ನಾಗಿ ಹೇಳುತ್ತಾನೆ ಎಂದು ಭಾವ ಕಣ್ಣೊರೆಸಿಕೊಂಡಿದ್ದರು. ಆ ಕ್ಷಣದಲ್ಲಿ, ಮುಖದ ಮೇಲೆ ಇರಬೇಕಾದ ದುಃಖ ಇರಬೇಕಾದ ಅಳತೆಯಲ್ಲಿ ಇದ್ದಾಗ, ಒಳಗೆ ಯಾರೋ ಉಳಿದ ಮೂರನ್ನು ಎಣಿಸಿ ನಿಟ್ಟುಸಿರು ಬಿಟ್ಟಿದ್ದರು. ನಾಲ್ಕರಲ್ಲಿ ಮೂರು ಪಾಲು ತನ್ನ ಕಡೆಗಿದೆ. ಆ ನಿಟ್ಟುಸಿರು ತನ್ನದೇ ಎಂದು ಅವನು ಒಪ್ಪಿಕೊಂಡಿರಲಿಲ್ಲ. ಮನೆಯಲ್ಲಿ ಬೇರೆ ಯಾರದ್ದೋ ವಸ್ತು ಸಿಕ್ಕಾಗ ಮಾಡುವಂತೆ ಒಂದು ಪಕ್ಕಕ್ಕೆ ಇಟ್ಟಿದ್ದ. ಪುಟ್ಟನಾದರೋ "ನಂದೇ ಮ್ಯಾಚ್ ಆಗುತ್ತೆ ಬಿಡಕ್ಕ, ಚಿಕ್ಕೋನಿದ್ದಾಗ ನಿನ್ನ ಎಂಜಲು ತಿಂದೇ ಬೆಳೆದಿದ್ದು ನಾನು" ಎಂದು ಅವೈಜ್ಞಾನಿಕವಾಗಿ ಅತ್ತಿದ್ದ.

ಕ್ಲಾಸು ಮುಗಿಸಿ ಕಾರಿಡಾರಿಗೆ ಬಂದು ಫೋನೆತ್ತಿದ. "ನೀನೇ ಕಣೋ!" ಭಾವ ಕೂಗಿದರು. "ಪೂರ್ತಿ ಮ್ಯಾಚಂತೆ! ಪುಟ್ಟಂದು ಅರ್ಧ ಮಾತ್ರ. ನಿಂದು ಪೂರ್ತಿ!" ಎದುರಿಗಿದ್ದ ನೋಟಿಸ್ ಬೋರ್ಡಿನಲ್ಲಿ ಯಾರೋ ಕಳೆದುಕೊಂಡ ಕನ್ನಡಕದ ಪ್ರಕಟಣೆಯಿತ್ತು. ಅದನ್ನು ಅವನು ಎರಡು ಸಲ ಓದಿದ. "ಒಳ್ಳೇದಾಯ್ತು ಭಾವ," ಎಂದ. ದನಿ ಸರಿಯಾಗಿ ಬಂತು, ತಕ್ಕಷ್ಟು ಗದ್ಗದವೂ ಸೇರಿತ್ತು. ಆ ದನಿಯ ಬಗ್ಗೆ ಹೆಮ್ಮೆಯಾಯಿತು, ಹೆಮ್ಮೆಯಾಯಿತಲ್ಲ ಎಂದು ಅಸಹ್ಯವಾಯಿತು, ಅಸಹ್ಯಪಟ್ಟುಕೊಂಡದ್ದರಿಂದ ತಾನಿನ್ನೂ ಅಷ್ಟೇನೂ ಕೆಟ್ಟಿಲ್ಲ ಎಂದು ಸಮಾಧಾನವೂ ಆಯಿತು. ಕಾರಿನಲ್ಲಿ ಕೂತ ಮೇಲೆ ಸ್ಟೇರಿಂಗಿನ ಮೇಲಿದ್ದ ಕೈ ನೋಡಿಕೊಂಡ. ಮೊಣಕೈ ಮಡಿಕೆಯಲ್ಲಿ ನೀಲಿ ನರ. ಶಾಲೆಯಲ್ಲಿ ಲಸಿಕೆ ಹಾಕುವವರು ಬಂದಿದ್ದ ದಿನ, ಸ್ಪಿರಿಟ್ಟಿನ ವಾಸನೆ ಅಂಗಳಕ್ಕೆಲ್ಲ ಹರಡಿದಾಗ, ಅವನು ಸಾಲಿನಿಂದ ಜಾರಿ ಪಾಯಿಖಾನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದ. ಹುಡುಕಿಕೊಂಡು ಬಂದವಳು ಅಕ್ಕ. ಬಾಗಿಲ ಹೊರಗೆ ನಿಂತು ಅವಳು ಮೇಷ್ಟರಿಗೆ ಹೇಳಿದ್ದು ಇವತ್ತಿಗೂ ಕೇಳಿಸುತ್ತದೆ: "ಅವನಿಗೆ ಆಗಲೇ ಹಾಕಿದ್ರು ಸರ್, ನಾನೇ ನೋಡಿದೆ." ಲಸಿಕೆ ಹೇಗೆ ಕೆಲಸ ಮಾಡುತ್ತದೆಂದು ಇಷ್ಟು ವರ್ಷ ಪಾಠ ಮಾಡಿದವನ ಮೈಯಲ್ಲಿ ಆ ಲಸಿಕೆಯೇ ಇಲ್ಲ. ಈ ವಿಷಯ ಗೊತ್ತಿರುವುದು ಇಬ್ಬರಿಗೆ. ಅವರಲ್ಲಿ ಒಬ್ಬಳಿಗೆ ಈಗ ಅವನ ಮಜ್ಜೆ ಬೇಕಾಗಿದೆ.

ಡಾಕ್ಟರು ಚಿಕ್ಕ ವಯಸ್ಸಿನವನು. ಇವನು ಒಳಗೆ ಬರುತ್ತಲೇ ಎದ್ದು ನಿಂತ. "ಸರ್, ನಿಮ್ಮ ಪುಸ್ತಕ ಓದೇ ನಾನು ಪಾಸಾಗಿದ್ದು." ಭಾವ ಪುಟ್ಟನ ಕಡೆ ನೋಡಿ ಹುಬ್ಬೇರಿಸಿದರು. ದಾನಿಗಳ ಉಸ್ತುವಾರಿ ನೋಡುವ ಹೆಂಗಸು, ಕೋಆರ್ಡಿನೇಟರ್, ಫೈಲು ಬಿಚ್ಚಿ ಮುಂದಿನದನ್ನು ವಿವರಿಸತೊಡಗಿದಳು: ಕೆಲವು ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು, ಅದರಿಂದ ಮಜ್ಜೆಯ ಕೋಶಗಳು ರಕ್ತಕ್ಕೆ ಇಳಿದು ಬರುತ್ತವೆ, ಆಮೇಲೆ ಒಂದು ಕೈಯಿಂದ ರಕ್ತ ತೆಗೆದು ಯಂತ್ರದಲ್ಲಿ ಸೋಸಿ ಇನ್ನೊಂದು ಕೈಗೆ ವಾಪಸು. ಅರಿವಳಿಕೆಯಿಲ್ಲ, ಕೊಯ್ಯುವುದಿಲ್ಲ. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಇದರ ಬಗ್ಗೆ ಒಂದು ಅಧ್ಯಾಯ ಬರೆದಿದ್ದ. ಆದರೆ ಬರೆಯುವಾಗ ಆ ಎರಡು ಕೈಗಳು ಯಾರವೂ ಆಗಿರಲಿಲ್ಲ. "ಒಂದು ನಿಮಿಷ," ಎಂದ. "ಈ ಟೈಪಿಂಗನ್ನ, ಹೊಂದಾಣಿಕೆ ಪರೀಕ್ಷೇನ, ಇನ್ನೊಮ್ಮೆ ಮಾಡಿಸಬೇಕು."

"ಎರಡು ಸಲ ಮಾಡೇ ನಿಮಗೆ ಹೇಳಿದ್ದು ಸರ್," ಎಂದಳು ಕೋಆರ್ಡಿನೇಟರ್. "ಬೇರೆ ಬೇರೆ ದಿನ ಕೆನ್ನೆ ಒಳಗಿಂದ ಹತ್ತೀಲಿ ಒರೆಸಿ ತೆಗೆದದ್ದು. ಎರಡರಲ್ಲೂ ಒಂದೇ ಉತ್ತರ."

"ಎರಡೂ ನಿಮ್ಮ ಲ್ಯಾಬಲ್ಲೇ ತಾನೆ?"

"ಹೌದು."

"ಅದೇ ನಾನು ಹೇಳ್ತಿರೋದು. ಲ್ಯಾಬಲ್ಲೇ ದೋಷ ಇದ್ರೆ ಎರಡು ಸಲ ಏನು, ಹತ್ತು ಸಲ ಮಾಡಿದ್ರೂ ಅದೇ ಉತ್ತರ ಬರುತ್ತೆ. ಹೊರಗಿನ ಲ್ಯಾಬಿಗೆ ಕಳಿಸಿ. ತಪ್ಪು ತಟ್ಟೆ ಹೋದ್ರೆ ಏನಾಗುತ್ತೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನಮ್ಮಕ್ಕನ ಜೀವದ ಪ್ರಶ್ನೆ."

ಕೊನೆಯ ವಾಕ್ಯ ಕೋಣೆಯಲ್ಲಿ ಭಾರವಾಗಿ ಇಳಿಯಿತು. ಡಾಕ್ಟರು ಇದೆಲ್ಲ ಅನಗತ್ಯವೆಂದು ಹೇಳಲು ಬಾಯಿ ತೆರೆದವನು, ತನ್ನನ್ನು ಪಾಸು ಮಾಡಿಸಿದ ಪುಸ್ತಕದ ಎದುರು ಮುಚ್ಚಿಕೊಂಡ. ಸ್ವಲ್ಪ ತಡವಾಗುತ್ತದೆ, ಆಗಲಿ ಎಂದ. ಭಾವ ಇವನ ಭುಜ ಹಿಡಿದು, "ನೋಡಿ ಹೇಗೆ ಯೋಚನೆ ಮಾಡ್ತಾನೆ! ಬೇರೆಯವರಾಗಿದ್ರೆ ಒಂದು ಸಲ ಹೇಳಿದ್ದಕ್ಕೇ ಒಪ್ಕೊಂಡ್ಬಿಡೋರು," ಎಂದರು. ಭಾವನ ಜೊತೆ ಇರುವ ದೊಡ್ಡ ಕಷ್ಟವೇ ಇದು. ಅವರು ಮೆಚ್ಚಿದ ಮೇಲೆ ಮನುಷ್ಯ ಎಲ್ಲೂ ಅಡಗಿಕೊಳ್ಳುವಂತಿಲ್ಲ. ಕೋಆರ್ಡಿನೇಟರ್ ಮಾತ್ರ ಪೆನ್ನಿನ ಮುಚ್ಚಳ ಹಾಕುತ್ತ ಅವನ ಮುಖವನ್ನೇ ನೋಡಿದಳು. ಅವಳ ಕೆಲಸದಲ್ಲಿ ಇಂಥ ಎಚ್ಚರಿಕೆಯ ಅಣ್ಣತಮ್ಮಂದಿರು ಬೇಕಾದಷ್ಟು ಜನ ಬಂದುಹೋಗಿರಬೇಕು.

ಅಕ್ಕ ವಾರ್ಡಿನಲ್ಲಿ ದಿಂಬಿಗೊರಗಿ ಕೂತಿದ್ದಳು. ನಿವೃತ್ತಳಾಗುವವರೆಗೆ ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಗಾಡಿಗಳ ಪ್ರಕಟಣೆ ಓದುತ್ತಿದ್ದವಳು. ಯಾವ ಗಾಡಿ ಹೊರಟರೂ, ಯಾವುದು ರದ್ದಾದರೂ ಅವಳ ದನಿಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವಿರುತ್ತಿರಲಿಲ್ಲ. ಜನ ಬೈಯುತ್ತ ಲಗೇಜು ಹೊತ್ತು ಓಡುತ್ತಿದ್ದರು, ಅವಳು ಅದೇ ಏರಿಳಿತವಿಲ್ಲದ ದನಿಯಲ್ಲಿ ಮುಂದಿನದನ್ನು ಓದುತ್ತಿದ್ದಳು. ಭಾವ ಎಲ್ಲವನ್ನೂ ಅವಳಿಗೆ ವರದಿ ಮಾಡಿದರು: ತಮ್ಮನ ಎಚ್ಚರಿಕೆ, ತಮ್ಮನ ಪ್ರಶ್ನೆ, ತಮ್ಮನ ಮುಂದೆ ಡಾಕ್ಟರು ತೊದಲಿದ್ದು. ಅಕ್ಕ ಕೇಳಿಸಿಕೊಂಡು, ಇವನ ಕಡೆ ಒಂದು ಸಲ ನೋಡಿ, ಆ ಹಳೆಯ ದನಿಯಲ್ಲಿ ಹೇಳಿದಳು: "ಪ್ರಯಾಣಿಕರ ಗಮನಕ್ಕೆ. ಗಾಡಿ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ." ಪಕ್ಕದ ಮಂಚದವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಆ ದಿನಗಳಲ್ಲಿ ಅವನು ಊಟ ಮಾಡಿದ, ಕ್ಲಾಸು ತೆಗೆದುಕೊಂಡ, ಸಹೋದ್ಯೋಗಿಗಳಿಂದ ಶಹಬ್ಬಾಸು ತೆಗೆದುಕೊಂಡ. ಅವನು ಅಕ್ಕನಿಗೆ ಜೀವ ಕೊಡುತ್ತಿದ್ದಾನೆಂದು ಇಡೀ ವಿಭಾಗಕ್ಕೆ ಗೊತ್ತಾಗಿತ್ತು. ಯಾರು ಹೇಳಿದರೋ, ಅವನೇ ಹೇಳಿರಬೇಕು. ಗುಮಾಸ್ತೆ ಕುರ್ಚಿಯಿಂದ ಎದ್ದು ಕೈ ಮುಗಿದಳು. ಹೆಂಡತಿ ಮಾತ್ರ ತಟ್ಟೆ ತೊಳೆಯುತ್ತ, "ಮೂರನೇ ಸಲ ಯಾಕ್ರೀ?" ಎಂದು ಕೇಳಿದಳು. ಪ್ರಯೋಗಾಲಯಗಳ ದೋಷದ ಪ್ರಮಾಣದ ಬಗ್ಗೆ ಅವನು ವಿವರವಾಗಿ ಹೇಳಿದ. ಅವಳು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿ, ಮತ್ತೆ ನಲ್ಲಿ ತಿರುಗಿಸಿದಳು. ಅಷ್ಟರಲ್ಲಿ ಅಕ್ಕನಿಗೆ ಜ್ವರ ಬಂತು. ಬಿಳಿ ರಕ್ತಕಣ ನೆಲಕಚ್ಚಿದ್ದ ಮೈಗೆ ಸೋಂಕು ತಗುಲಿ ಶ್ವಾಸಕೋಶಕ್ಕೆ ಇಳಿಯಿತು. ಜ್ವರ ಇಳಿಯುವವರೆಗೆ ಏನೂ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಪುಟ್ಟ ಬಲಗಡೆ, ಭಾವ ಎಡಗಡೆ, ನಡುವೆ ಅವನು.

"ಹೋದ ವಾರಾನೇ ಶುರು ಮಾಡಿದ್ರೆ ಈ ಜ್ವರ ಬರ್ತಿರಲಿಲ್ವೇನೋ," ಪುಟ್ಟ ನೆಲ ನೋಡುತ್ತ ಹೇಳಿದ.

"ಏ, ಹಾಗಲ್ಲ ಕಣೋ," ಎಂದರು ಭಾವ. "ಶುರು ಮಾಡಿ ಅರ್ಧದಲ್ಲಿದ್ದಾಗ ಬಂದಿದ್ರೆ ಏನ್ ಗತಿ? ಇವನು ತಡೆದದ್ದೇ ಒಳ್ಳೇದಾಯ್ತು. ಏನಪ್ಪಾ, ನೀನೇ ಹೇಳು."

ಅವನು ಹೇಳಬೇಕಿತ್ತು. ಎರಡಕ್ಕೂ ಅಂಕಿಅಂಶಗಳಿದ್ದವು. ಆದರೆ ಆ ಹೊತ್ತಿಗೆ ಅವನ ತಲೆಯೊಳಗೆ ಬೇರೊಂದು ಯೋಚನೆ ಬಂದು ನಿಂತಿತ್ತು. ಕರೆಯದೆ, ಚಪ್ಪಲಿ ಬಿಡದೆ ಒಳಗೆ ಬಂದಿತ್ತು: ಅಕ್ಕ ಈ ಜ್ವರದಿಂದ ಏಳದೇ ಹೋದರೆ ಚುಚ್ಚಿಸಿಕೊಳ್ಳುವ ಪ್ರಶ್ನೆಯೇ ಇರುವುದಿಲ್ಲ. ಎಲ್ಲರೂ ಅವನನ್ನು ಕೊಡಲು ಸಿದ್ಧನಾಗಿದ್ದವನು ಎಂದೇ ನೆನೆಯುತ್ತಾರೆ. ಯೋಚನೆ ಅಷ್ಟೇ. ಒಂದು ಉಸಿರಿನಷ್ಟೂ ಉದ್ದವಿರಲಿಲ್ಲ. ಅವನು ಎದ್ದು ಕಾರಿಡಾರಿನ ಕೊನೆಯ ಬಚ್ಚಲಿಗೆ ಹೋಗಿ, ಏನೂ ಬರದಿದ್ದರೂ ಸಿಂಕಿನ ಮೇಲೆ ಬಗ್ಗಿ ನಿಂತ. ಕನ್ನಡಿಯಲ್ಲಿ ಒಬ್ಬ ಗೌರವಾನ್ವಿತ ವ್ಯಕ್ತಿಯಿದ್ದ. ಜೇಬಿನಲ್ಲಿ ಎರಡು ಪೆನ್ನು. ಇಷ್ಟು ವರ್ಷ ಮೈಯೊಳಗೆ ಹೊರಗಿನವರನ್ನು ಹಿಡಿದುಕೊಡುವವರ ಕಥೆ ಹೇಳಿದೆನಲ್ಲ, ಇದನ್ನು ಹಿಡಿದು ಯಾರಿಗಾದರೂ ತೋರಿಸುವ ಒಂದೇ ಒಂದು ಕೋಶ ನನ್ನಲ್ಲಿಲ್ಲವೇ ಎಂದುಕೊಂಡ. ವಾಕ್ಯ ಚೆನ್ನಾಗಿ ಬಂದಿತ್ತು. ಪಾಠದಲ್ಲಿ ಸೇರಿಸಬಹುದೇ ಎಂದು ಯೋಚಿಸುತ್ತಿದ್ದೇನೆಂದು ತಿಳಿದಾಗ ನಿಜವಾಗಿಯೂ ವಾಂತಿಯಾಯಿತು.

ಅಕ್ಕ ಎದ್ದಳು. ಅವಳು ಏಳುವವಳೇ. ಹೊರಗಿನ ಲ್ಯಾಬಿನ ಉತ್ತರವೂ ಬಂತು: ಪೂರ್ತಿ ಹೊಂದಾಣಿಕೆ. ಇನ್ನು ಅನುಮಾನಿಸಲು ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ. ಚುಚ್ಚುಮದ್ದು ಶುರುವಾದ ಮೇಲೆ ಸೊಂಟ, ಎದೆಗೂಡು, ತೊಡೆಯ ಮೂಳೆಗಳೆಲ್ಲ ಒಳಗಿನಿಂದ ಯಾರೋ ಗುದ್ದಿದಂತೆ ನೋಯತೊಡಗಿದವು. ಅದನ್ನು ಅವನು ಯಾರಿಗೂ ಹೇಳದೆ, ಎಲ್ಲರಿಗೂ ಗೊತ್ತಾಗುವಂತೆ ನಡೆದಾಡಿದ. ಕೊನೆಗೆ ಆ ದಿನ ಬಂದಾಗ, ಬಾಗಿಲಲ್ಲಿ ಭಾವ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಾಗ, ಅವನು ಬಲಿಪೀಠಕ್ಕೆ ಹೋಗುವವನ ಗಾಂಭೀರ್ಯದಿಂದ ಒಳಗೆ ಹೋದ. ಒಳಗಿದ್ದದ್ದು ಕ್ಷೌರದಂಗಡಿಯಂಥ ಕುರ್ಚಿ, ಫ್ರಿಜ್ಜಿನಂಥ ಯಂತ್ರ, ಗೋಡೆಗೆ ಟೀವಿ. ಟೀವಿಯಲ್ಲಿ ಒಬ್ಬಾಕೆ ಪಾತ್ರೆಯ ಕಲೆ ತೆಗೆಯುವುದು ಹೇಗೆಂದು ತೋರಿಸುತ್ತಿದ್ದಳು. ಸೂಜಿ ಚುಚ್ಚುವಾಗ ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ತೆರೆದಾಗ ನರ್ಸು ಆಗಲೇ ಟೇಪು ಅಂಟಿಸಿ ಮುಗಿಸಿದ್ದಳು. ರಕ್ತ ಒಂದು ನಳಿಕೆಯಲ್ಲಿ ಹೋಯಿತು, ಇನ್ನೊಂದರಲ್ಲಿ ಬಂತು. ಎರಡೂ ಕೈ ಅಲುಗಾಡಿಸುವಂತಿಲ್ಲ. ಮೂಗು ಕೆರೆಯಿತು. ಅದನ್ನಾದರೂ ಸಹಿಸಬಹುದಿತ್ತು, ಆಮೇಲೆ ಮೂತ್ರಕ್ಕೆ ಬಂತು. ತಡೆದ, ತಡೆದ, ಕೊನೆಗೆ ಹೇಳಿದ. "ಎದ್ದೇಳೋ ಹಾಗಿಲ್ಲ ಸರ್," ಎಂದು ವಾರ್ಡ್‌ಬಾಯ್ ಒಂದು ಬಾಟಲಿ ತಂದು, ಪ್ಯಾಂಟಿನ ಜಿಪ್ಪು ಎಳೆದು, ಹಿಡಿದುಕೊಂಡು, ಟೀವಿ ನೋಡುತ್ತ ನಿಂತ. "ಆರಾಮಾಗಿ ಮಾಡಿ ಸರ್, ಅವಸರ ಇಲ್ಲ." ಹುತಾತ್ಮನಿಗೆ ಒಂದು ಹನಿಯೂ ಬರಲಿಲ್ಲ. ಎಲ್ಲ ಮುಗಿದಾಗ ಸ್ಟ್ಯಾಂಡಿನಲ್ಲಿ ಅಂಗೈಯಗಲದ ಚೀಲವೊಂದು ತೂಗುತ್ತಿತ್ತು, ತುಕ್ಕಿನ ಬಣ್ಣದ್ದು. "ಇಷ್ಟೇನಾ?" ಎಂದ. "ಇಷ್ಟೇ ಸರ್." "ನೋವೇ ಆಗಲಿಲ್ಲ," ಎಂದು ಅವನು ಹೇಳಿದ್ದು ದೂರಿನಂತೆ ಕೇಳಿಸಿತು.

ಕೆಲವು ವಾರಗಳಲ್ಲಿ ಅವನ ಕೋಶಗಳು ಅಕ್ಕನ ಮೂಳೆಗಳಲ್ಲಿ ಬೇರೂರಿದವು. ಆಮೇಲೆ ಅವಳ ಅಂಗೈ, ಕುತ್ತಿಗೆಗಳಲ್ಲಿ ಕೆಂಪು ದದ್ದು ಎದ್ದಿತು. ಭಾವ ಹೌಹಾರಿ, "ಪೂರ್ತಿ ಮ್ಯಾಚ್ ಅಂದ್ರಲ್ಲ!" ಎಂದರು. ಡಾಕ್ಟರು ಗೌರವದಿಂದ ಇವನ ಕಡೆ ತಿರುಗಿದ: "ಸರ್, ನೀವೇ ಹೇಳಿ." ಅವನು ಹೇಳಿದ. ತಟ್ಟೆಗಳು ಒಂದೇ, ಭಾವ, ಆದರೆ ತಟ್ಟೆಯಲ್ಲಿ ಇಟ್ಟಿರುವುದೆಲ್ಲ ಒಂದೇ ಅಲ್ಲ. ಅಕ್ಕನ ಮೈಯ ಕೆಲವು ಚೂರುಗಳನ್ನು ನನ್ನ ಟಿ ಕೋಶಗಳು ಯಾವತ್ತೂ ನೋಡಿಲ್ಲ. ನೋಡಿದ ತಕ್ಷಣ ಹೊರಗಿನವಳು ಅಂದುಕೊಂಡು ಮೇಲೆ ಬೀಳುತ್ತಿವೆ. "ಹದ್ದುಬಸ್ತಿನಲ್ಲಿಡೋಕೆ ಔಷಧಿ ಇದೆ," ಎಂದು ಡಾಕ್ಟರು ಸೇರಿಸಿದ. "ಸ್ವಲ್ಪ ಇರೋದು ಒಳ್ಳೇದೇ. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನ ಹುಡುಕಿ ಹೊಡೆಯೋದೂ ಇವೇ." ಭಾವನ ಮುಖ ಅರಳಿತು. "ಅಂದ್ರೆ ಅಕ್ಕ ತಮ್ಮ ಒಳಗೂ ಜಗಳ ಆಡ್ತಿದ್ದಾರೆ ಅನ್ನಿ!"

ಅಕ್ಕನ ಕೋಣೆಗೆ ಒಳಗೆ ಹೋಗುವಂತಿರಲಿಲ್ಲ. ಗಾಜಿನ ಈಚೆ ನಿಂತು, ಗೋಡೆಯ ಫೋನಿನಲ್ಲಿ ಮಾತಾಡಬೇಕು. ಕೂದಲೆಲ್ಲ ಉದುರಿ ಅವಳ ತಲೆ ಚಿಕ್ಕದಾಗಿ, ಕಿವಿ ದೊಡ್ಡದಾಗಿ ಕಂಡವು. ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಅಂಗೈ ಕೆರೆದುಕೊಳ್ಳುತ್ತಿದ್ದಳು.

"ಕಚ್ತಾ ಇವೆ ಕಣೋ ನಿನ್ನವು."

"ಸ್ವಲ್ಪ ಕಚ್ಚಬೇಕಕ್ಕ. ಯಾಕಂದ್ರೆ ಆ ಟಿ ಕೋಶಗಳು..."

"ಗೊತ್ತು, ಡಾಕ್ಟ್ರು ಹೇಳಿದ್ರು. ನೀನು ಶುರು ಮಾಡಬೇಡ." ಅವಳು ಒಂದು ಗುಟುಕು ನೀರು ಕುಡಿದಳು. ನುಂಗುವುದಕ್ಕೆ ಕಷ್ಟವಾಗುತ್ತಿತ್ತು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಹೇಳು."

"ರಿಪೋರ್ಟ್ ಬರೋಕೆ ಮುಂಚೆ, ನಿಂದು ಮ್ಯಾಚ್ ಆಗದೆ ಇರ್ಲಪ್ಪ ಅಂತ ನಾನೂ ಅಂದ್ಕೊಂಡಿದ್ದೆ."

"ಯಾಕಕ್ಕ?"

"ಯಾಕೆ ಅಂದ್ರೆ? ಸಾಯೋವರೆಗೂ ನಿನ್ನ ಹಂಗಲ್ಲಿ ಇರಬೇಕಲ್ಲ. ಪುಟ್ಟ ಆದ್ರೆ ಕೊಟ್ಟಿದ್ದನ್ನ ನಾಳೆಗೇ ಮರ್ತುಬಿಡ್ತಾನೆ. ನೀನು ಬಿಡ್ತೀಯಾ? ಭಾಷಣ ಮಾಡ್ತೀಯ, ಪುಸ್ತಕದಲ್ಲಿ ಹಾಕ್ತೀಯ." ಅವಳು ನಕ್ಕಳು, ನಗು ಕೆಮ್ಮಾಯಿತು. ಅವನೂ ನಕ್ಕ. ನಗುತ್ತಿರುವಾಗಲೇ, ಸ್ವಲ್ಪ ತಡವಾಗಿ, ಆ ಮಾತು ಅವನನ್ನು ಮುಟ್ಟಿತು. ‘ನಾನು ಅಂದ್ಕೊಂಡಿದ್ದೆ’ ಎಂದಿರಲಿಲ್ಲ ಅವಳು. ‘ನಾನೂ’ ಎಂದಿದ್ದಳು. ಮೂವತ್ತು ವರ್ಷ ಮೈಕಿನ ಮುಂದೆ ಕೂತು ಒಂದು ಅಕ್ಷರವನ್ನೂ ಅನಗತ್ಯವಾಗಿ ಎಳೆಯದವಳು, ಇಲ್ಲಿ ಎಳೆದಿದ್ದಳು. ಅವಳಿನ್ನೂ ಕೆಮ್ಮುತ್ತಿದ್ದಳು, ಕಣ್ಣು ಮಾತ್ರ ಅವನ ಮೇಲೇ ಇತ್ತು. ಹೇಳಲು ಅವನ ಬಳಿ ಬೇಕಾದಷ್ಟಿತ್ತು: ಹೊರಗಿನ ಲ್ಯಾಬಿಗೆ ಕಳಿಸಿದ್ದರ ವೈಜ್ಞಾನಿಕ ಕಾರಣ, ದೋಷದ ಪ್ರಮಾಣ, ಸೂಜಿಯ ಭಯಕ್ಕೆ ವೈದ್ಯಶಾಸ್ತ್ರದಲ್ಲಿರುವ ಹೆಸರು. ಎಲ್ಲವೂ ಗಂಟಲವರೆಗೆ ಬಂದು ಸಾಲಾಗಿ ನಿಂತವು.

"ಹೂಂ," ಎಂದ.

ಅವನಿಂದ ಹೀಗೊಂದು ಮಾತು, ಬರೀ ಒಂದೇ ಒಂದು ಮಾತು, ಬಂದದ್ದನ್ನು ಅವಳು ಇದುವರೆಗೆ ಕೇಳಿರಲಿಲ್ಲವೇನೋ; ಕೆರೆದುಕೊಳ್ಳುವುದನ್ನು ನಿಲ್ಲಿಸಿ ಗಾಜಿಗೆ ಮುಖ ಹತ್ತಿರ ತಂದು ನೋಡಿದಳು.

"ಸರಿ, ಹೋಗಿ ಊಟ ಮಾಡು," ಎಂದಳು. "ಬಡಕಲಾಗಿದ್ದೀಯ."